ಇಂಕಾ ಕಣಿವೆಯ ಮೆಟ್ಟಿಲು ಹೊಲಗಳು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದೊಡನೆ ಈಗ ಎಲ್ಲರಿಗೂ ನೆನಪಾಗುವುದು ಹೆಲಿಕಾಪ್ಟರ್ ಕಾರ್ಖಾನೆ. ಹೆಸರೇ ಹೇಳುವಂತೆ ದನ ಮೇಯುವ ಕಾವಲಾಗಿದ್ದ ಈ ಬಯಲಿನ 615 ಎಕರೆ ಜಾಗದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇದೇ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿ ದುಡಿದವರು ಕನ್ನಡದ ಹೆಸರಾಂತ ಲೇಖಕಿ ನೇಮಿಚಂದ್ರ. ದಕ್ಷಿಣ ಅಮೆರಿಕದ ಪೆರು ದೇಶವನ್ನು ಸುತ್ತಿ ಬಂದು ಅವರು ಬರೆದ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಪ್ರವಾಸ ಕಥನವನ್ನು ನಮ್ಮ ಸದಸ್ಯರಲ್ಲಿ ಕೆಲವರಾದರೂ ಓದಿರಬಹುದು. ಓದದವರು ಗ್ರಂಥಾಲಯದಿಂದ ತರಿಸಿ ಓದುವುದು ಒಳ್ಳೆಯದು.

ಆ ಪುಸ್ತಕದ ಹೆಸರಿನಲ್ಲಿರುವ ಕಣಿವೆಗೆ ನಾವೂ ಒಮ್ಮೆ ಹೋಗಿ ಬರೋಣ. ಆದರೆ ನೋಡುವುದು ಬೆಳೆಗಾರನ ಕಣ್ಣಿನಿಂದ. ಅಲ್ಲಿ ಪ್ರವಾಸಿಗರು ದೇವಾಲಯ, ಅರಮನೆಗಳನ್ನು ನೋಡಿ ಬೆರಗಾಗುತ್ತಾರೆ. ತೋಟ ಮಾಡುವ ನಮಗೆ ಅವುಗಳಿಗಿಂತ ಮುಖ್ಯವಾಗಿ ಕಾಣಬೇಕಾದದ್ದು ಮಣ್ಣು ಹಿಡಿದ ಕಟ್ಟೆ, ನೀರು ಸಾಗಿಸಿದ ಕಾಲುವೆ, ಮತ್ತು ಅವನ್ನು ನೋಡಿಕೊಂಡ ಜನ.

ಪವಿತ್ರ ಕಣಿವೆ

ಇಂಕಾ ರಾಜ್ಯದ ರಾಜಧಾನಿ ಕುಸ್ಕೋ. ಸಮುದ್ರ ಮಟ್ಟದಿಂದ ಸುಮಾರು 11,000 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 6,300 ಅಡಿ ಎಂದ ಮೇಲೆ ಆ ಊರಿನ ಎತ್ತರವನ್ನು ಊಹಿಸಿಕೊಳ್ಳಬಹುದು. ಹೊಸಬರಿಗೆ ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕುಸ್ಕೋದಿಂದ ಗುಡ್ಡ ಹತ್ತಿ ಇಳಿದರೆ ಉರುಬಂಬಾ ನದಿಯ ಕಣಿವೆ. ಪಿಸಾಕ್, ಉರುಬಂಬಾ, ಒಯಾಂತಾಯ್‌ತಾಂಬೊ ಎಂಬ ಊರುಗಳು ನದಿಯ ಗುಂಟ ಒಂದಾದ ಮೇಲೊಂದು ಬರುತ್ತವೆ. ಇದೇ ಪವಿತ್ರ ಕಣಿವೆ. ಬಯಲಿನಲ್ಲಿ ಮೆಕ್ಕೆಜೋಳ, ಮೇಲೆ ಆಲೂಗೆಡ್ಡೆ. ಇಡೀ ಜಗತ್ತಿಗೆ ಆಲೂಗೆಡ್ಡೆಯನ್ನು ಕೊಟ್ಟವರು ಈ ಬೆಟ್ಟಗಳ ರೈತರೇ.

ಇಂಕಾ ರಾಜ್ಯ ದೊಡ್ಡದಾಗಿ ಬೆಳೆದದ್ದು ಪಚಕೂತಿ ಎಂಬ ಅರಸನ ಕಾಲದಲ್ಲಿ, ಹದಿನೈದನೆಯ ಶತಮಾನದ ನಡುವಿನಲ್ಲಿ. ಅಂದರೆ ನಮ್ಮಲ್ಲಿ ವಿಜಯನಗರದ ಅರಸರು ಆಳುತ್ತಿದ್ದ ಕಾಲ. 1532ರಲ್ಲಿ ಸ್ಪೇನಿನವರು ಬಂದು ಇಂಕಾ ಅರಸನನ್ನು ಸೆರೆ ಹಿಡಿದರು. 1565ರಲ್ಲಿ ವಿಜಯನಗರ ಹಾಳಾಯಿತು. ಹಂಪಿಯಲ್ಲಿ ಅರಮನೆ ಬಿದ್ದರೂ ಅರಸರ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆ, ಬತ್ತಕ್ಕೆ ನೀರು ಕೊಡುತ್ತಿದೆ. ಪೆರುವಿನಲ್ಲೂ ಹಾಗೆಯೇ. ಕುಸ್ಕೋದ ಬಳಿಯ ತಿಪೋನ್ ಎಂಬಲ್ಲಿ ಇಂಕಾ ಜನ ಕಲ್ಲಿನಲ್ಲಿ ಕಟ್ಟಿದ ತೋಡುಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಒಯಾಂತಾಯ್‌ತಾಂಬೊ ಊರಿನ ಬೀದಿಗಳ ಅಂಚಿನಲ್ಲಿ ಹಳೆಯ ಕಾಲುವೆಗಳು ಇನ್ನೂ ಜುಳುಜುಳು ಎನ್ನುತ್ತವೆ.

ಈ ಒಯಾಂತಾಯ್‌ತಾಂಬೊದಲ್ಲಿ ಸ್ಪೇನಿನವರನ್ನು ಒಮ್ಮೆ ಹಿಮ್ಮೆಟ್ಟಿಸಿದ್ದೂ ನೀರೇ. 1536-37ರ ದಂಗೆಯಲ್ಲಿ ಇಂಕಾ ದೊರೆ ಮಾಂಕೊ ಕಾಲುವೆಗಳ ನೀರನ್ನು ಬಯಲಿಗೆ ಬಿಡಿಸಿದ. ಕುದುರೆಗಳು ಕೆಸರಿನಲ್ಲಿ ಹೂತವು. ನೀರನ್ನು ಬೇಕಾದಾಗ ಕಟ್ಟಿ, ಬೇಕಾದಾಗ ಬಿಡಬಲ್ಲ ಜನ ಅವರಾಗಿದ್ದರು.

ಮಾಚು ಪಿಚುವಿನ ಮಣ್ಣಿನಡಿ

ಒಯಾಂತಾಯ್‌ತಾಂಬೊದಿಂದ ಮುಂದೆ ಕಣಿವೆ ಕಿರಿದಾಗುತ್ತದೆ. ಕಾಡು ದಟ್ಟವಾಗುತ್ತದೆ. ರೈಲು ನದಿಯ ಅಂಚಿನಲ್ಲೇ ಸಾಗಿ ಮಾಚು ಪಿಚುವಿನ ಬುಡದ ಊರಿಗೆ ತಲುಪಿಸುತ್ತದೆ. ಪಾಳು ನಗರ ಇರುವುದು ಅಲ್ಲಿಂದ ಮೇಲೆ, ಸುಮಾರು 8,000 ಅಡಿ ಎತ್ತರದ ಏಣಿನಲ್ಲಿ. 1911ರಲ್ಲಿ ಅಮೆರಿಕದ ಹೈರಮ್ ಬಿಂಗಮ್ ಇದನ್ನು ಹೊರ ಜಗತ್ತಿಗೆ ಪರಿಚಯಿಸಿದ. ಆತ ಹತ್ತಿ ಹೋದಾಗ ಅಲ್ಲಿ ಯಾರೂ ಇರಲಿಲ್ಲವೆಂದು ತಿಳಿಯಬಾರದು. ದಾರಿ ತೋರಿಸಿದವನು ಸ್ಥಳೀಯ ರೈತ. ಮೇಲೆ ಕೆಲವು ರೈತ ಕುಟುಂಬಗಳು ಇಂಕಾ ಜನ ಕಟ್ಟಿದ ಅದೇ ಮೆಟ್ಟಿಲುಗಳಲ್ಲಿ ಬೆಳೆ ತೆಗೆಯುತ್ತಿದ್ದವು. ವಿದ್ವಾಂಸರು ಬರುವ ಮೊದಲೇ ಬೇಸಾಯಗಾರ ಆ ಜಾಗದ ಬೆಲೆ ತಿಳಿದಿದ್ದ.

ಅಲ್ಲಿ ವರ್ಷಕ್ಕೆ ಸುಮಾರು 75 ಅಂಗುಲ ಮಳೆ. ಮಲೆನಾಡಿನ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಅಷ್ಟು ಮಳೆಯಲ್ಲಿ, ಅಂಥ ಕಡಿದಾದ ಇಳಿಜಾರಿನಲ್ಲಿ, ಐನೂರು ವರ್ಷ ಗೋಡೆಗಳು ಜಾರದೆ ನಿಂತದ್ದು ಹೇಗೆ? ಕೆನೆತ್ ರೈಟ್ ಎಂಬ ಅಮೆರಿಕದ ನೀರಾವರಿ ಎಂಜಿನಿಯರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅಧ್ಯಯನ ನಡೆಸಿ ಕಂಡುಕೊಂಡ ಉತ್ತರ ಸರಳವಾಗಿದೆ. ಪ್ರತಿ ಮೆಟ್ಟಿಲಿನ ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಮರಳು ಬೆರೆತ ಮಣ್ಣು, ಕೊನೆಗೆ ಬೆಳೆಗೆ ಬೇಕಾದ ಮೇಲ್ಮಣ್ಣು. ಬಿದ್ದ ಮಳೆ ಮೇಲ್ಮಣ್ಣನ್ನು ಕೊಚ್ಚದೆ ಕೆಳಗಿಳಿದು, ಜಲ್ಲಿಯಲ್ಲಿ ಬಸಿದು ಹೋಗುತ್ತದೆ. ಗೋಡೆಗಳು ಗುಡ್ಡದ ಕಡೆಗೆ ತುಸು ಒರಗಿವೆ. ಊರಿನ ಮಧ್ಯೆ ನೀರು ಹೊರಗೆ ಹೋಗಲು ದೊಡ್ಡ ಬಸಿಗಾಲುವೆ. ಕುಡಿಯುವ ನೀರಿಗೆ ಬೇರೆಯೇ ವ್ಯವಸ್ಥೆ: ಗುಡ್ಡದ ಒರತೆಯಿಂದ ಸುಮಾರು 750 ಮೀಟರ್ ಉದ್ದದ ಕಲ್ಲಿನ ಕಾಲುವೆ, ಸಾಲಾಗಿ 16 ಕಾರಂಜಿಗಳು. ಇಡೀ ನಗರಕ್ಕೆ ಪಟ್ಟ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೆಲದಡಿಯಲ್ಲಿದೆ ಎಂಬುದು ಈ ಎಂಜಿನಿಯರುಗಳ ಅಂದಾಜು. ಕಣ್ಣಿಗೆ ಕಾಣದ ಕೆಲಸಕ್ಕೆ ಮೊದಲು ದುಡಿದು, ಕಾಣುವುದನ್ನು ಆಮೇಲೆ ಕಟ್ಟಿದರು.

2010ರ ಜನವರಿಯಲ್ಲಿ ಈ ಕಣಿವೆಯಲ್ಲಿ ವಿಪರೀತ ಮಳೆಯಾಯಿತು. ಉರುಬಂಬಾ ಉಕ್ಕಿ ರೈಲು ಹಳಿಗಳು ಕೊಚ್ಚಿ ಹೋದವು. ಬುಡದ ಊರಿನಲ್ಲಿ ಸಿಕ್ಕಿಬಿದ್ದ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರ್‌ಗಳಲ್ಲಿ ಹೊರಗೆ ತರಬೇಕಾಯಿತು. ಮೇಲಿನ ಪಾಳು ನಗರಕ್ಕೆ ಏನೂ ಆಗಲಿಲ್ಲ. ಆದರೆ ಹಳಬರು ಕಟ್ಟಿದ್ದೆಲ್ಲ ತಾನಾಗಿ ನಿಲ್ಲುತ್ತದೆ ಎಂದೂ ಭಾವಿಸಬಾರದು. ಅದೇ ಮಳೆಗಾಲದಲ್ಲಿ, ಹೆಚ್ಚು ದೂರವಿಲ್ಲದ ಮೊರಾಯ್ ಎಂಬಲ್ಲಿ ಇಂಕಾ ಜನರ ಬಳೆಯಾಕಾರದ ಮೆಟ್ಟಿಲುಗಳ ಒಂದು ಭಾಗ ನೀರು ಕುಡಿದು ಕುಸಿಯಿತು. ಎಷ್ಟೇ ಗಟ್ಟಿ ಗೋಡೆಯಾದರೂ ಹಿಂದೆ ನೀರು ನಿಂತರೆ ಉಳಿಯುವುದಿಲ್ಲ.

ಬತ್ತಿದ ಕಾಲುವೆಗೆ ಮತ್ತೆ ನೀರು

ಸ್ಪೇನಿನವರ ಆಳ್ವಿಕೆಯಲ್ಲಿ ರೋಗ, ಬಿಟ್ಟಿ ದುಡಿಮೆ, ಗಣಿ ಕೆಲಸಗಳಿಂದ ಬೆಟ್ಟದ ಜನಸಂಖ್ಯೆ ಕುಗ್ಗಿತು. ಕಾಲುವೆ ನೋಡುವವರಿಲ್ಲದೆ ಮೆಟ್ಟಿಲು ಹೊಲಗಳು ಬೀಳು ಬಿದ್ದವು. ಕಲ್ಲು ಹಾಗೆಯೇ ಇತ್ತು, ನೀರು ನಿಂತಿತ್ತು.

ಇಂಥ ಬೀಳು ಜಾಗಗಳನ್ನು ಮತ್ತೆ ಸಾಗುವಳಿಗೆ ತಂದ ಕಥೆಯೊಂದು ನಮ್ಮ ಸದಸ್ಯರಿಗೆ ತಿಳಿದಿರಬೇಕು. ಆನ್ ಕೆಂಡಾಲ್ ಎಂಬ ಬ್ರಿಟಿಷ್ ಪುರಾತತ್ವಜ್ಞೆ 1977ರಲ್ಲಿ ಕುಸಿಚಾಕಾ ಕಣಿವೆಯಲ್ಲಿ ಕೆಲಸ ಆರಂಭಿಸಿದರು. ಅಗೆದು ಅಳತೆ ಬರೆದುಕೊಂಡು ಹೋಗುವುದಷ್ಟೇ ಅವರ ಉದ್ದೇಶವಾಗಿರಲಿಲ್ಲ. ಹಳೆಯ ಕಾಲುವೆಯಲ್ಲಿ ನೀರು ಹರಿಸಬಹುದೇ ಎಂದು ಊರಿನವರೊಡನೆ ಸೇರಿ ಪ್ರಯತ್ನಿಸಿದರು. ಮುಂದೆ 1990ರ ದಶಕದಲ್ಲಿ ಒಯಾಂತಾಯ್‌ತಾಂಬೊ ಪಕ್ಕದ ಪತಕಂಚಾ ಕಣಿವೆಯಲ್ಲಿ ಸುಮಾರು 6 ಕಿಲೋಮೀಟರ್ ಕಾಲುವೆ ಮತ್ತು 160 ಹೆಕ್ಟೇರ್, ಅಂದರೆ 400 ಎಕರೆಯಷ್ಟು ಮೆಟ್ಟಿಲು ಹೊಲಗಳು ಮತ್ತೆ ಸಾಗುವಳಿಗೆ ಬಂದವು. ಸಿಮೆಂಟು ಬಳಸಲಿಲ್ಲ. ಆ ಚಳಿ ಬಿಸಿಲಿಗೆ ಸಿಮೆಂಟು ಬಿರಿಯುತ್ತದೆ, ಅದನ್ನು ಸರಿಪಡಿಸಲು ಮತ್ತೆ ಪೇಟೆಯಿಂದಲೇ ಸಾಮಾನು ಬರಬೇಕು. ಅದರ ಬದಲು ಜೇಡಿಮಣ್ಣು, ಮರಳು, ಪಾಪಾಸುಕಳ್ಳಿಯನ್ನು ಬಳಸಿದರು. ನಾಳೆ ಸೋರಿದರೆ ಊರಿನವನೇ ಸರಿಮಾಡಬೇಕು, ಅವನ ಕೈಗೆ ಸಿಗುವ ಸಾಮಾನಿನಿಂದಲೇ ಮಾಡಬೇಕು ಎಂಬುದು ಇಲ್ಲಿಯ ಸೂತ್ರ.

ಹುಲ್ಲಿನ ಸೇತುವೆ, ನೀರಿನ ನ್ಯಾಯಗಾರ

ಆಂಡಿಸ್ ಬೆಟ್ಟಗಳಲ್ಲಿ ನಮ್ಮ ಮುಯ್ಯಾಳಿನಂಥದೇ ಪದ್ಧತಿ ಇದೆ. ಅದಕ್ಕೆ 'ಐನಿ' ಎನ್ನುತ್ತಾರೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕಾಲುವೆಯ ಹೂಳೆತ್ತುವುದು ಊರಿನ ಹಬ್ಬ. ಪ್ರತಿ ಮನೆಯಿಂದಲೂ ಆಳು ಬರಬೇಕು.

ಅಪುರಿಮಾಕ್ ನದಿಯ ಮೇಲೆ ಕೆಸ್ವಚಾಕಾ ಎಂಬ ಹುಲ್ಲಿನ ಹಗ್ಗದ ಸೇತುವೆ ಇದೆ. ಉದ್ದ ಸುಮಾರು 28 ಮೀಟರ್. ಸುತ್ತಲಿನ ನಾಲ್ಕು ಊರುಗಳವರು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹುಲ್ಲು ಹೊಸೆದು, ಹಳೆಯದನ್ನು ತೆಗೆದು ಹೊಸದನ್ನು ಕಟ್ಟುತ್ತಾರೆ. 2013ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊರೋನಾದಿಂದಾಗಿ 2020ರಲ್ಲಿ ಕಟ್ಟಲಾಗಲಿಲ್ಲ. 2021ರ ಮಾರ್ಚಿನಲ್ಲಿ ಸೇತುವೆ ಹರಿದು ಬಿತ್ತು. ಐದಾರು ಶತಮಾನ ನಡೆದು ಬಂದದ್ದು ಒಂದು ವರ್ಷದ ಕೆಲಸ ತಪ್ಪಿದ್ದಕ್ಕೆ ನದಿಯ ಪಾಲಾಯಿತು. ಅದೇ ವರ್ಷ ಜೂನಿನಲ್ಲಿ ಊರಿನವರು ಮತ್ತೆ ಕಟ್ಟಿದರು.

ಉತ್ತರ ಪೆರುವಿನ ಕೊರೊಂಗೊ ಎಂಬಲ್ಲಿ ನೀರು ಹಂಚಲು ಊರಿನವರೇ 'ನೀರಿನ ನ್ಯಾಯಗಾರ'ರನ್ನು ನೇಮಿಸುತ್ತಾರೆ. ಇಂಕಾ ಕಾಲಕ್ಕೂ ಹಿಂದಿನ ಪದ್ಧತಿ. 2017ರಲ್ಲಿ ಯುನೆಸ್ಕೊ ಇದನ್ನೂ ಗುರುತಿಸಿತು. ಇದನ್ನು ಓದುವಾಗ ನಮ್ಮ ನೀರುಗಂಟಿಗಳ ನೆನಪಾಗದೆ ಇರದು.

ಕಣಿವೆಯ ಕೆಳಗೆ ಕಾಫಿ

ಒಯಾಂತಾಯ್‌ತಾಂಬೊದಿಂದ ಇನ್ನೊಂದು ರಸ್ತೆ 14,000 ಅಡಿಗೂ ಎತ್ತರದ ಮಾಲಗಾ ಕಣಿವೆದಾರಿಯನ್ನು ದಾಟಿ ಕಿಯಾಬಂಬಾಕ್ಕೆ ಇಳಿಯುತ್ತದೆ. ಅದು ಹೆಚ್ಚುಕಡಿಮೆ ಚಿಕ್ಕಮಗಳೂರಿನಷ್ಟೇ ಎತ್ತರದ ಊರು. ಸುತ್ತ ಕಾಫಿ, ಕೋಕೋ ತೋಟಗಳು. ಇಂಕಾ ಪಾಳು ನೋಡಲು ಹೋದವರಲ್ಲಿ ಹೆಚ್ಚಿನವರು ಇಲ್ಲಿಗೆ ಬರುವುದಿಲ್ಲ. ನಮಗೆ ಮಾತ್ರ ಇದು ನೆಂಟರ ಊರು.

ಒಂದು ಕಾಲದಲ್ಲಿ ಈ ನೆಲವೆಲ್ಲ ದೊಡ್ಡ ಜಮೀನ್ದಾರರದು. ಗೇಣಿದಾರ ತನ್ನ ತುಂಡು ಭೂಮಿಗಾಗಿ ಒಡೆಯನ ತೋಟದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಅವನದೇ ಕಾಫಿ ಹಣ್ಣು ಬಿಡುವ ಹೊತ್ತಿಗೆ ಒಡೆಯನ ಕರೆ ಬರುತ್ತಿತ್ತು. 1960ರ ಆಸುಪಾಸಿನಲ್ಲಿ ರೈತರು ಸಂಘ ಕಟ್ಟಿ ಬಿಟ್ಟಿ ದುಡಿಮೆ ನಿಲ್ಲಿಸಿದರು. 1969ರಲ್ಲಿ ಪೆರುವಿನ ಭೂಸುಧಾರಣೆ ಕಾಯಿದೆ ಬಂತು. ನಮ್ಮಲ್ಲಿ 'ಉಳುವವನೇ ಹೊಲದೊಡೆಯ' ಎಂದ ತಿದ್ದುಪಡಿ 1974ರಲ್ಲಿ ಜಾರಿಯಾಯಿತು. ಈ ನಡುವೆ 1967ರಲ್ಲಿ ಅಲ್ಲಿಯ ಸಣ್ಣ ಕಾಫಿ ಸಹಕಾರ ಸಂಘಗಳು ಕೂಡಿ 'ಕೋಕ್ಲಾ' ಎಂಬ ಕೇಂದ್ರ ಸಂಘವನ್ನು ಕಟ್ಟಿ ಕಾಫಿಯನ್ನು ತಾವೇ ಮಾರಲು ತೊಡಗಿದವು.

ಕಷ್ಟವೂ ಒಂದೇ ಬಗೆಯದು. 2013ರಲ್ಲಿ ಎಲೆ ತುಕ್ಕು ರೋಗ ಎಷ್ಟು ಹಬ್ಬಿತೆಂದರೆ ಪೆರು ಸರ್ಕಾರ ತುರ್ತು ಪರಿಸ್ಥಿತಿ ಸಾರಬೇಕಾಯಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಕಾದಾಡುತ್ತ ಬಂದಿರುವುದು ಇದೇ ರೋಗದ ಜೊತೆ.

ನಮ್ಮ ಕೆರೆ, ನಮ್ಮ ತೋಟ

ಇಷ್ಟು ದೂರ ಹೋಗಿ ಬಂದದ್ದು ಯಾಕೆ? ಗುಬ್ಬಿ, ಕುಣಿಗಲ್ ಕಡೆಯ ಅಡಿಕೆ, ತೆಂಗಿನ ತೋಟಗಳು ಹುಟ್ಟಿದ್ದು ಕೆರೆಯ ಹಿಂದೆ. ಶಿಂಷಾ ನದಿಗೆ ಕಟ್ಟಿದ ಕಡಬದ ಕೆರೆಯನ್ನು ಶ್ರೀರಾಮನ ಕಾಲದ್ದೆಂದು ಸ್ಥಳ ಪುರಾಣ ಹೇಳುತ್ತದೆ. ಅದರ ಏರಿ, ತೂಬು, ಕೋಡಿಗಳನ್ನು ತಲೆಮಾರುಗಳಿಂದ ಕಾಯ್ದವರು ಮಾತ್ರ ನಮ್ಮಂಥ ಮನುಷ್ಯರೇ. ಕೊಳವೆ ಬಾವಿ ಬಂದ ಮೇಲೆ ಕೆರೆ ಯಾರದೋ ಆಯಿತು. ನೀರುಗಂಟಿಗೆ ಕಾಳು ಅಳೆಯುವುದು ನಿಂತಿತು. ನೀರು ತರುವ ಹಳ್ಳದ ಬಾಯಿಗೆ ಮುಳ್ಳು ಬೆಳೆಯಿತು. ಬಾವಿ ಬತ್ತಿದಾಗ ಸಾಲ ಮಾಡಿ ಇನ್ನೊಂದು ಕೊರೆಸುತ್ತೇವೆ. ಅದೂ ಬತ್ತಿದರೆ ಮೂವತ್ತು ವರ್ಷದ ಅಡಿಕೆ ಮರ ಒಂದೇ ಬೇಸಿಗೆಯಲ್ಲಿ ಸುಳಿ ಒಣಗಿ ನಿಲ್ಲುತ್ತದೆ. ಮಲೆನಾಡಿನಲ್ಲಿ ಇದರ ಮಗ್ಗುಲು ಬೇರೆ. ಅಲ್ಲಿ ಬಸಿಗಾಲುವೆ ಹೂತು, ಬೇರು ಕೊಳೆತು ಮರ ಸಾಯುತ್ತದೆ.

ಆದುದರಿಂದ ಸದಸ್ಯ ಬಂಧುಗಳಲ್ಲಿ ವಿನಂತಿ. ಮುಂಗಾರಿಗೆ ಮೊದಲು ಬಸಿಗಾಲುವೆಗಳನ್ನು ಕೆಳ ತುದಿಯಿಂದ ಮೇಲಕ್ಕೆ ಬಿಡಿಸಿಕೊಳ್ಳಿ. ಇಳಿಜಾರಿನ ಕಾಫಿ ತೋಟದಲ್ಲಿ ಕಟ್ಟೆಯ ಹಿಂದೆ ನೀರು ನಿಲ್ಲುವ ಜಾಗವನ್ನು ಮಳೆ ಬರುವಾಗಲೇ ಛತ್ರಿ ಹಿಡಿದು ಹೋಗಿ ಗುರುತು ಮಾಡಿಡಿ. ಬಿಸಿಲಿನಲ್ಲಿ ಅದು ಕಾಣುವುದಿಲ್ಲ. ಕೆರೆ ಬತ್ತಿದಾಗ ಅನುಮತಿ ಪಡೆದು ಗೋಡು ಹೊಡೆಸಿದರೆ ತೋಟಕ್ಕೂ ಗೊಬ್ಬರ, ಕೆರೆಗೂ ಆಳ. ಕೆರೆಗೆ ನೀರು ತರುವ ಹಳ್ಳವನ್ನು ವರ್ಷಕ್ಕೊಂದು ದಿನ ಮನೆಗೊಬ್ಬರಂತೆ ಸೇರಿ ಬಿಡಿಸುವುದನ್ನು ನಿಮ್ಮ ಊರಿನ ಸಭೆಯಲ್ಲಿ ಮಾತಾಡಿ. ಒಬ್ಬರಿಗೆ ಐವತ್ತು ದಿನದ ಕೆಲಸ, ಐವತ್ತು ಜನಕ್ಕೆ ಒಂದು ಹಗಲಿನದು. ದಿನ ಗೊತ್ತು ಮಾಡುವಾಗ ಅಡಿಕೆ ಕೊಯ್ಲು, ರಾಗಿ ಒಕ್ಕಣೆಗಳನ್ನು ನೋಡಿಕೊಂಡು, ಎಲ್ಲರೂ ಬರಬಹುದಾದ ಅಮಾವಾಸ್ಯೆಯೊಂದನ್ನು ಆರಿಸಿಕೊಂಡರೆ ಒಳ್ಳೆಯದು.