ಹಳೇ ಜಿಪ್ಸಿಗೆ ಶಕ್ತಿ ಬೇಕಾ? ಮೊದಲು ಇದನ್ನ ನೋಡಿ

ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಕಡೆ ಏರು ಸಿಕ್ಕ ತಕ್ಷಣ ನಿಮ್ಮ ಹಳೇ ಜಿಪ್ಸಿ ಏದುಸಿರು ಬಿಡುತ್ತಾ? ಇಂಜಿನ್ ಬದಲಿಸೋಕೆ ಹೊರಡೋ ಮುಂಚೆ ಒಂದು ನಿಮಿಷ ಕೇಳಿ.

1985ರಲ್ಲಿ ಬಂದ ಮೊದಲ ಜಿಪ್ಸಿಯದು 970 ಸಿಸಿ ಇಂಜಿನ್, ಶಕ್ತಿ ಸುಮಾರು 45 ಎಚ್‌ಪಿ ಅಷ್ಟೇ. ಅದರ ಮೇಲೆ, ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ.

ಹಾಗಾಗಿ ಮೊದಲು, ಸವೆತದಿಂದ ಕಳೆದುಹೋದ ಶಕ್ತಿಯನ್ನ ವಾಪಸ್ ತನ್ನಿ. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್‌ನ ರೀಡಿಂಗ್ ಬಿದ್ದಿದ್ರೆ ರಿಂಗ್, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಅದು ಸರಿಯಿದ್ರೆ ಟ್ಯಾಪೆಟ್, ಇಗ್ನಿಷನ್ ಟೈಮಿಂಗ್, ಕಾರ್ಬ್ಯುರೇಟರ್ ನೋಡಿಸಿ. ಕ್ವಾರಿ ಧೂಳಿನ ದಾರೀಲಿ ಓಡಿಸೋರು ಏರ್ ಫಿಲ್ಟರ್ ಮರೀಲೇಬೇಡಿ.

ಇನ್ನು ಟೈರ್. ಬಹಳ ಜನ ಇದನ್ನ ಗಮನಿಸೋದೇ ಇಲ್ಲ. ಚೆಂದಕ್ಕೆ ಅಂತ ದೊಡ್ಡ ಟೈರ್ ಹಾಕಿದ್ರೆ ಗೇರ್ ಲೆಕ್ಕವೇ ತಪ್ಪುತ್ತೆ, ಏರಿನಲ್ಲಿ ಎಳೆತ ಸಾಯುತ್ತೆ. ಕಂಪನಿ ಅಳತೆಯ ಟೈರ್‌ಗೆ ವಾಪಸ್ ಬನ್ನಿ, ಇಲ್ಲಾಂದ್ರೆ ಕ್ರೌನ್-ಪಿನಿಯನ್ ರೇಷಿಯೊ ಬದಲಿಸಿ.

ಇಷ್ಟಾದ ಮೇಲೂ ಸಾಲದಿದ್ರೆ 1.3 ಲೀಟರ್ ಎಂಪಿಎಫ್‌ಐ ಇಂಜಿನ್ ಇದೆ. ಜಿಪ್ಸಿ ಕಿಂಗ್‌ನಲ್ಲಿ ಅದು 80 ಎಚ್‌ಪಿ ಕೊಡ್ತಿತ್ತು. ಆದರೆ ಇಸಿಯು, ವೈರಿಂಗ್, ಫ್ಯೂಯೆಲ್ ಪಂಪ್ ಎಲ್ಲಾ ಜೊತೆಗೇ ಬದಲಾಗಬೇಕು. ಬ್ರೇಕೂ ಅದಕ್ಕೆ ತಕ್ಕಂತೆ ಇರಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಹೀಗೆ ಇಂಜಿನ್ ಬದಲಿಸೋಕೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲೂ ನಮೂದಾಗಬೇಕು. ನೆಲಮಂಗಲದಲ್ಲೂ ದೇವನಹಳ್ಳಿಯಲ್ಲೂ ಆರ್‌ಟಿಒ ಕಚೇರಿ ಇದೆ. ಇಂಜಿನ್ ಬಿಚ್ಚೋ ಮುಂಚೆ ಅಲ್ಲಿ ವಿಚಾರಿಸಿ.