ಗಾಂಧಿಬಾಗಿನಿಂದ ಭಿವಾಪುರಕ್ಕೆ: ಮೆಣಸಿನಕಾಯಿಯ ದಾರಿ

ನಾಗಪುರದ ಗಾಂಧಿಬಾಗ್ ಎಂದರೆ ಬಟ್ಟೆ ಪೇಟೆ. ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು ಸಂದಿಯಲ್ಲಿ ನುಗ್ಗುತ್ತಾರೆ, ಹಳ್ಳಿಗಳ ಅಂಗಡಿಕಾರರು ಮದುವೆ ಹಂಗಾಮಿನ ಸೀರೆ ಗಂಟು ಕಟ್ಟಿಸುತ್ತಾರೆ. ಆ ಗಂಟುಗಳಲ್ಲಿ ಕೆಲವು ಆಗ್ನೇಯಕ್ಕೆ, ಉಮರೇಡ್ ರಸ್ತೆ ಹಿಡಿಯುತ್ತವೆ. ನಾನೂ ಅದೇ ರಸ್ತೆ ಹಿಡಿದೆ, ಮೆಣಸಿನಕಾಯಿ ಹುಡುಕಿಕೊಂಡು. ಬ್ಯಾಡಗಿ ಸೀಮೆಯವನಿಗೆ ಭಿವಾಪುರದ ಕಾಯಿಯ ಹೆಸರು ಕೇಳಿದ ಮೇಲೆ ನೋಡದೆ ಇರಲಾಗಲಿಲ್ಲ.

ಹಿಂದೆ ರಾಜ್ಯ ಹೆದ್ದಾರಿಯಾಗಿದ್ದ ಈ ದಾರಿ ಈಗ 353ಡಿ ರಾಷ್ಟ್ರೀಯ ಹೆದ್ದಾರಿ. ಉಮರೇಡ್ ಸುಮಾರು 45 ಕಿ.ಮೀ., ಭಿವಾಪುರ 70ರ ಆಸುಪಾಸು. ರೇಷ್ಮೆ ಅಂಚಿನ ಧೋತರಕ್ಕೆ ಉಮರೇಡ್ ಒಂದು ಕಾಲಕ್ಕೆ ಹೆಸರಾಗಿತ್ತು. ನಾಗಪುರದಲ್ಲಿ 1877ರಲ್ಲಿ ಜಮ್‌ಶೆಟ್‌ಜಿ ಟಾಟಾ ಎಂಪ್ರೆಸ್ ಮಿಲ್ ಆರಂಭಿಸಿದರು. ಗಿರಣಿ ಬಟ್ಟೆಯ ಮುಂದೆ ಕೈಮಗ್ಗ ಸೊರಗಿತು, ಕೊನೆಗೆ ಆ ಗಿರಣಿಯೂ ಮುಚ್ಚಿತು. ರಸ್ತೆಯ ಜೊತೆಜೊತೆಗೇ ಇತ್ವಾರಿಯಿಂದ ನಾಗಭೀಡ್‌ಗೆ ಓಡುತ್ತಿದ್ದ ಪುಟ್ಟ ರೈಲು 2019ರಲ್ಲಿ ನಿಂತಿತು. ಅಗಲ ಹಳಿಗೆ ಜಾಗ ಬಿಟ್ಟುಕೊಟ್ಟಿತು.

ಕನ್ನಡಿಗರಿಗೆ ಈ ಸೀಮೆ ಪರಕೀಯವಲ್ಲ. ಮಾನ್ಯಖೇಟದ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕ್ರಿ.ಶ. 940ರ ದೇವಳಿ ತಾಮ್ರಶಾಸನದಲ್ಲಿ ‘ನಾಗಪುರ-ನಂದಿವರ್ಧನ’ ಎಂಬ ವಿಷಯದ (ಆಡಳಿತ ವಿಭಾಗದ) ಹೆಸರಿದೆ. ಭಿವಾಪುರದಾಚೆ, ವೈನಗಂಗೆಯ ದಂಡೆಯ ಪವನಿಯಲ್ಲಿ 1969-70ರ ಉತ್ಖನನ ಪ್ರಾಚೀನ ಬೌದ್ಧ ಸ್ತೂಪವನ್ನು ಹೊರತಂದಿತು. ಅದನ್ನು ನೋಡಲು ಹೋಗಬೇಕೆಂದಿದ್ದೆ. ಆದರೆ ದಿನವೆಲ್ಲ ಭಿವಾಪುರದ ಒಂದು ಸಾತ್ರಾದಲ್ಲೇ ಕಳೆಯಿತು.

ಸಾತ್ರಾ ಎಂದರೆ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕಣ. ನೆಲದ ತುಂಬ ಕೆಂಪು ಹರಡಿದೆ, ಅದರ ನಡುವೆ ಸಾಲು ಹೆಂಗಸರು, ಮೂಗಿಗೆ ಕಟ್ಟಿದ ಸೆರಗು. ಒಳಗೆ ಕಾಲಿಟ್ಟೊಡನೆ ನನಗೆ ಸೀನು, ಕಣ್ಣಲ್ಲಿ ನೀರು. ಅಂಚಿನಲ್ಲಿ ಕೂತಿದ್ದ ಅಜ್ಜಿ ನಕ್ಕು ತನ್ನ ಹತ್ತಿರ ಜಾಗ ಮಾಡಿಕೊಟ್ಟಳು. ಅವಳ ಎಡಗೈಗೆ ಕಾಯಿ ಬಂದದ್ದು ಕಾಣುವುದಿಲ್ಲ. ಬಲಗೈ ಹೆಬ್ಬೆರಳ ಉಗುರು ಒಮ್ಮೆ ಒತ್ತಿದರೆ ತುಂಬು ಅತ್ತ, ಕಾಯಿ ಇತ್ತ. ಕಾಯಿ ಒಡೆಯಬಾರದು, ಬೀಜ ಉದುರಬಾರದು. ನಾನು ಹತ್ತು ಬಿಡಿಸುವಷ್ಟರಲ್ಲಿ ಅವಳ ಮುಂದೆ ಗುಡ್ಡೆ ಎದ್ದಿತ್ತು. ಕೂಲಿ ತೂಕದ ಲೆಕ್ಕ. ‘ರಾತ್ರಿ ಕೈ ಉರಿಯುವುದಿಲ್ಲವೇ ಅಜ್ಜಿ?’ ಎಂದೆ. ‘ಉರಿಯುತ್ತದೆ ಮಗಾ, ಮೊಮ್ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ’ ಎಂದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿತು, ಭಿವಾಪುರಕ್ಕೆ 2016ರಲ್ಲಿ. ನಮ್ಮದು ಸುಕ್ಕು, ಬಣ್ಣ ಹೆಚ್ಚು, ಖಾರ ಕಡಿಮೆ. ಇಲ್ಲಿಯದು ದಪ್ಪ ಸಿಪ್ಪೆಯ, ಕಡುಗೆಂಪು ಕಾಯಿ. ಆದರೆ ನಾಟಿ ತಳಿಯ ಇಳುವರಿ ಕಡಿಮೆ, ಎಲೆ ಮುದುಡುವ ರೋಗ ಬೇರೆ. ರೈತರು ಹೈಬ್ರಿಡ್ ಬೀಜದತ್ತ, ಬೇರೆ ಬೆಳೆಗಳತ್ತ ಹೊರಳಿದ್ದಾರೆ. ಸಾತ್ರಾಗಳಿಗೆ ಹೊರ ರಾಜ್ಯಗಳ ಕಾಯಿಯೂ ಬರುತ್ತದೆ. ಮಾನ್ಯತೆಯ ಪತ್ರವೊಂದೇ ಬೀಜ ಉಳಿಸಲಾರದು. ನಾಟಿ ಕಾಯಿಗೆ ಬೇರೆ ದರ, ತುಂಬು ಬಿಡಿಸುವ ಕೈಗೆ ತಕ್ಕ ಕೂಲಿ ಬೇಕು.

ಹೊರಡುವ ಮುಂಚೆ ನೋಡಿದೆ: ಅಜ್ಜಿ ರಾಶಿಯಿಂದ ಒಂದು ದಪ್ಪ ಕಾಯಿಯನ್ನು ತುಂಬು ಬಿಡಿಸದೆ ಸೆರಗಿನ ಗಂಟಿಗೆ ಸೇರಿಸಿದಳು. ‘ಇದು ನಮ್ಮೂರಿನದು. ಹಿತ್ತಿಲಿಗೆ’ ಎಂದಳು.

ಸಂಜೆ ಬಸ್ಸಿನಲ್ಲಿ ನಾಗಪುರಕ್ಕೆ ಮರಳುವಾಗ ನಾನು ಬಿಡಿಸಿದ ಹತ್ತು ಕಾಯಿಗಳಿಗೇ ಬೆರಳು ಚುರುಗುಟ್ಟುತ್ತಿತ್ತು. ಗಾಂಧಿಬಾಗಿನಲ್ಲಿ ಅಂಗಡಿಗಳ ಕದ ಇಳಿಯುತ್ತಿದ್ದವು. ನಾಳೆಯ ಗಂಟುಗಳು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ನನಗೆ ಮಾತ್ರ ಆ ಸೆರಗಿನ ಗಂಟಿನದೇ ಧ್ಯಾನ.