ಪಾಸ್‌ಪೋರ್ಟಿನಲ್ಲಿ ಕಾಣದ ದುಡಿಮೆಗಾರರು

ಜರ್ಮನಿಯಲ್ಲಿ ಎಷ್ಟು ಮಂದಿ ಕುರ್ದರಿಗೆ ಕೆಲಸವಿಲ್ಲ, ಇದ್ದವರಿಗೆ ಸಂಬಳವೆಷ್ಟು ಎಂದು ಸರ್ಕಾರಿ ದಾಖಲೆಗಳಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಅಲ್ಲಿ ಲೆಕ್ಕ ಹಿಡಿಯುವುದು ಪೌರತ್ವವನ್ನು, ಜನಾಂಗವನ್ನಲ್ಲ. ಕುರ್ದರ ನೆಲ ಟರ್ಕಿ, ಸಿರಿಯಾ, ಇರಾಕ್, ಇರಾನ್‌ಗಳಲ್ಲಿ ಹಂಚಿಹೋಗಿದೆ. ಹಾಗಾಗಿ ದಿಯಾರ್‌ಬಕಿರ್‌ನಿಂದ ಬಂದವನು ಟರ್ಕಿಯವನಾಗಿ, ಕಾಮಿಶ್ಲಿಯಿಂದ ಬಂದವಳು ಸಿರಿಯಾದವಳಾಗಿ ದಾಖಲಾಗುತ್ತಾರೆ. ಜರ್ಮನಿಯಲ್ಲಿ ಸುಮಾರು 10 ಲಕ್ಷ ಕುರ್ದರಿದ್ದಾರೆ ಎನ್ನುವುದೂ ಅಂದಾಜೇ. ಅಂಕಿಯೇ ಇಲ್ಲದ ಅಸಮಾನತೆಗೆ ಪರಿಹಾರ ಕೇಳುವುದಾದರೂ ಹೇಗೆ?

1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಟರ್ಕಿಯೊಡನೆ ಕಾರ್ಮಿಕರ ನೇಮಕಾತಿಗೆ ಒಪ್ಪಂದ ಮಾಡಿಕೊಂಡಿತು. ಇಸ್ತಾಂಬುಲ್‌ನ ನೇಮಕಾತಿ ಕಚೇರಿಯಲ್ಲಿ ವೈದ್ಯರು ಹಲ್ಲು, ಎದೆ, ರಕ್ತ ಎಲ್ಲ ಪರೀಕ್ಷಿಸಿ ಆರಿಸುತ್ತಿದ್ದರು. ಬೇಕಿದ್ದುದು ಗಣಿಗೆ, ಕಾರು ಕಾರ್ಖಾನೆಗೆ ಒಗ್ಗುವ ಗಟ್ಟಿ ಮೈ. ಹಳ್ಳಿಯಿಂದ ಬಂದ ಎಷ್ಟೋ ಕುರ್ದರಿಗೆ ತುರ್ಕಿಯೇ ಎರಡನೆಯ ಭಾಷೆ. ಮೇಸ್ತ್ರಿಯ ಜರ್ಮನ್ ಮಾತನ್ನು ದುಭಾಷಿ ತುರ್ಕಿಯಲ್ಲಿ ಹೇಳಿದರೂ ಅದು ಅವರ ಮನೆಮಾತಲ್ಲ. 1973ರ ನವೆಂಬರ್‌ನಲ್ಲಿ ನೇಮಕಾತಿ ನಿಂತಿತು. ಟರ್ಕಿಯಲ್ಲಿ ನಡೆದ 1980ರ ಸೇನಾ ಕ್ರಾಂತಿಯ ಬಳಿಕ ಬಂದವರಲ್ಲಿ ಹಲವರು ನಿರಾಶ್ರಿತರು. ಅವರಲ್ಲಿ ಓದಿದವರೂ ಇದ್ದರು.

ಸಿರಿಯಾದ ಕುರ್ದರ ಕಥೆ ಇನ್ನೂ ಕಠೋರ. 1962ರಲ್ಲಿ ಹಸಕಾ ಪ್ರಾಂತ್ಯದಲ್ಲಿ ಒಂದೇ ದಿನ ನಡೆದ ಜನಗಣತಿ ಸುಮಾರು 1,20,000 ಕುರ್ದರ ಪೌರತ್ವವನ್ನು ಕಿತ್ತುಕೊಂಡಿತು. ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ ಊರಲ್ಲೇ ಪರದೇಶಿಗಳಾದರು: ಹೆಸರಿಗೆ ಹೊಲ ಬರೆಸಿಕೊಳ್ಳುವಂತಿಲ್ಲ, ಸರ್ಕಾರಿ ಕೆಲಸವಿಲ್ಲ, ಪಾಸ್‌ಪೋರ್ಟೂ ಇಲ್ಲ. 2011ರಲ್ಲಿ ಹಲವರಿಗೆ ಪೌರತ್ವ ಮರಳಿತಾದರೂ ಅಷ್ಟರಲ್ಲಿ ಓದುವ, ಕೆಲಸ ಕಲಿಯುವ ವಯಸ್ಸು ಕಳೆದಿತ್ತು. ಜರ್ಮನಿಗೆ ಬಂದರೂ ಆ ನಷ್ಟ ಬೆನ್ನು ಬಿಡುವುದಿಲ್ಲ. ವಿದೇಶಿ ವಿದ್ಯಾರ್ಹತೆಗಳಿಗೆ ಮಾನ್ಯತೆ ಕೊಡುವ ಕಾನೂನು ಜರ್ಮನಿಯಲ್ಲಿ 2012ರಿಂದ ಇದೆ. ಒಳ್ಳೆಯ ಕಾನೂನೇ. ಆದರೆ ಅದಕ್ಕೆ ಮೊದಲು ಔಪಚಾರಿಕ ತರಬೇತಿ ಮುಗಿಸಿರಬೇಕು. ಕೌಶಲವೆಲ್ಲ ಕೈಯಲ್ಲೇ ಇರುವ ಮೆಕ್ಯಾನಿಕ್ ಏನು ತೋರಿಸಬೇಕು? ವಲಸಿಗರ ನಡುವಿನ ಅಸಮಾನತೆ ಎಷ್ಟೋ ಸಲ ಅವರು ಗಡಿ ದಾಟುವ ಮೊದಲೇ ಶುರುವಾಗಿರುತ್ತದೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬ್ರಿಟನ್ ಬೇರೆ ದಾರಿಯಿಂದ ಅದೇ ಅಸಮಾನತೆಗೆ ತಲುಪಿತು. ಅಲ್ಲಿ ಆಶ್ರಯ ಕೋರಿದವರು ಆರು ತಿಂಗಳು ಕಾದರೆ ದುಡಿಯಲು ಅನುಮತಿ ಸಿಗುತ್ತಿತ್ತು. 2002ರ ಜುಲೈನಲ್ಲಿ ಅದನ್ನು ತೆಗೆದುಹಾಕಿದರು. ಹೊಟ್ಟೆ ಕಾಯುವುದಿಲ್ಲವಲ್ಲ! ಅನುಮತಿಯಿಲ್ಲದೆ ದುಡಿಯುವವನು ಕೂಲಿ ಕಡಿಮೆಯಾಯಿತೆಂದು ದೂರು ಕೊಡಲಾರ, ಕೊಟ್ಟರೆ ಸಿಕ್ಕಿಬೀಳುವವನು ಅವನೇ.

ಅದಕ್ಕೂ ಮೊದಲೇ, 1980ರ ದಶಕದ ಕೊನೆಯಿಂದ ಲಂಡನ್ನಿಗೆ ಬಂದ ಟರ್ಕಿಯ ಕುರ್ದರು ಹ್ಯಾಕ್ನಿ, ಹ್ಯಾರಿಂಗೇ ಭಾಗದ ಸಿದ್ಧ ಉಡುಪು ತಯಾರಿಕೆಯ ಸಣ್ಣ ಘಟಕಗಳನ್ನು ಸೇರಿದರು. ಪೀಸಿಗಿಷ್ಟು ಎಂದು ಕೂಲಿ. ಆರ್ಡರ್ ಇದ್ದಾಗ ರಾತ್ರಿಯವರೆಗೂ ಹೊಲಿಗೆ, ಇಲ್ಲದಾಗ ಮನೆಗೆ. ಮುಂದೆ ಹೊಲಿಗೆಯ ಕೆಲಸ ಅಗ್ಗದ ದೇಶಗಳಿಗೆ ಹೋಯಿತು, ಘಟಕಗಳು ಮುಚ್ಚಿದವು. ಹಲವು ಗಂಡಸರು ಕೂಡಿಟ್ಟ ಹಣ, ನೆಂಟರ ಸಾಲ ಸೇರಿಸಿ ಕಬಾಬ್ ಅಂಗಡಿ ಹಾಕಿದರು. ಇದನ್ನು ಉದ್ಯಮಶೀಲತೆ ಎಂದು ಹೊಗಳುವವರು ಅಂಗಡಿಯ ಹಿಂಬದಿಯನ್ನೂ ನೋಡಬೇಕು. ಮಧ್ಯರಾತ್ರಿ ದಾಟಿದರೂ ಗಿರಾಕಿಗಳು ಬರುವ ಆ ಅಂಗಡಿಗಳಲ್ಲಿ ಈರುಳ್ಳಿ ಹೆಚ್ಚುವ, ಪಾತ್ರೆ ತೊಳೆಯುವ ಹೆಂಡತಿಗೆ ಎಷ್ಟೋ ಕಡೆ ಸಂಬಳದ ಚೀಟಿಯಿಲ್ಲ. ಚೀಟಿಯಿಲ್ಲದ ದುಡಿಮೆಗೆ ವಿಮೆಯ ಕಂತೂ ಕಟ್ಟಿರುವುದಿಲ್ಲ. ಆ ಕೊರತೆ ಅವಳಿಗೆ ಎದುರಾಗುವುದು ಪಿಂಚಣಿಯ ವಯಸ್ಸಿನಲ್ಲಿ.